ಗಂಡು ಗಿನಿಪಿಗ್‌ಗೆ ಜೊತೆ ಕೂಡಿಬರುತ್ತಿಲ್ಲವೇ? ಎಲ್ಲಿ ಎಡವಟ್ಟಾಗಿದೆ ಅಂತ ಹುಡುಕುವ ಬಗೆ

ಒಂಟಿ ಗಂಡು ಗಿನಿಪಿಗ್‌ಗೆ ಅಂತ ಇನ್ನೊಂದನ್ನು ತಂದಿದ್ದೀರಿ. ಎರಡನ್ನೂ ಒಂದೇ ಗೂಡಿಗೆ ಬಿಟ್ಟಿದ್ದೀರಿ. ಈಗ ಗುರುಗುಟ್ಟುತ್ತಿವೆ, ಒಂದರ ಮೇಲೊಂದು ಏರುತ್ತಿವೆ. ಇಲ್ಲವೇ ಒಂದು ಮೂಲೆ ಹಿಡಿದು ಕೂತಿದೆ, ಹುಲ್ಲಿನ ಹತ್ತಿರವೂ ಬರುತ್ತಿಲ್ಲ. 'ಇವೆರಡಕ್ಕೂ ಆಗಿಬರೋಲ್ಲ' ಅಂತ ಅಂಗಡಿಗೆ ವಾಪಸ್ ಕೊಡಲು ಹೊರಟಿದ್ದರೆ ಸ್ವಲ್ಪ ತಡೆಯಿರಿ.

ಬಳ್ಳಾರಿಯ ನಮ್ಮ ಮನೆಯಲ್ಲಿ ಒಂದು ವರ್ಷದೊಳಗೆ ಇದರಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಹೆಚ್ಚುಕಡಿಮೆ ಮಾಡಿ ಮುಗಿಸಿದ್ದೇವೆ. ನಾನು ಕಂಡಂತೆ ದೋಷ ಪ್ರಾಣಿಯ ಸ್ವಭಾವದಲ್ಲಿರುವುದು ಕಡಿಮೆ. ಗೂಡಿನಲ್ಲೋ, ವಯಸ್ಸಿನಲ್ಲೋ, ಕೆಲವೊಮ್ಮೆ ನಮ್ಮ ಕೈಯಲ್ಲೋ ಇರುತ್ತೆ. ನೀರಿನ ಮೋಟಾರ್ ನಿಂತರೆ ಮೊದಲು ಫ್ಯೂಸ್ ನೋಡುತ್ತೇವೆ, ವೈಂಡಿಂಗ್ ಬಿಚ್ಚೋದು ಆಮೇಲೆ, ಅಲ್ವಾ? ಇಲ್ಲೂ ಸುಲಭದ್ದನ್ನು ಮೊದಲು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

ಒಂಟಿತನವಾ, ಕಾಯಿಲೆಯಾ?

ನಮ್ಮ ಗುಂಡ ನವೆಂಬರ್‌ನಲ್ಲಿ ಮನೆಗೆ ಬಂದಾಗ ಸುಮಾರು ಎರಡು ತಿಂಗಳ ಮರಿ. ಒಂದು ವಾರ ಚೆನ್ನಾಗಿದ್ದ. ಆಮೇಲೆ ಹಗಲೆಲ್ಲ ಮೂಲೆಯಲ್ಲಿ ಮುದುಡಿ ಕೂರುವುದು, ರಾತ್ರಿ ಗೂಡಿನ ಸರಳು ಕಡಿಯುವುದು. ಇದು ಜೊತೆಯಿಲ್ಲದ ಗಿನಿಪಿಗ್‌ನ ಲಕ್ಷಣ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸೀಮೆಯ ಪ್ರಾಣಿ ಇದು, ಗುಂಪಿನಲ್ಲೇ ಬಾಳುವಂಥದ್ದು. ಸ್ವಿಟ್ಜರ್ಲೆಂಡ್‌ನಲ್ಲಂತೂ 2008ರ ನಿಯಮದ ಪ್ರಕಾರ ಗಿನಿಪಿಗ್ ಒಂದನ್ನೇ ಸಾಕುವ ಹಾಗಿಲ್ಲ. ಗೂಡಿನಲ್ಲಿ ಕನ್ನಡಿ ಇಡುವುದು, ಟೆಡ್ಡಿ ಗೊಂಬೆ ಇಡುವುದು ಜೊತೆ ಕೊಟ್ಟಂತಲ್ಲ. ನಾವು ಗೊಂಬೆ ಇಟ್ಟು ನೋಡಿದೆವು. ಗುಂಡ ಅದರ ಕಿವಿ ತಿಂದ.

ಆದರೆ ಮುದುಡಿ ಕೂರುವುದು ಕಾಯಿಲೆಯ ಲಕ್ಷಣವೂ ಹೌದು. ಅಡುಗೆಮನೆಯ ತೂಕದ ಯಂತ್ರ ಇದ್ದರೆ ವಾರಕ್ಕೊಮ್ಮೆ ತೂಗಿ ಬರೆದಿಡಿ. ಬೆಳೆಯುವ ಮರಿಯ ತೂಕ ಏರುತ್ತಲೇ ಇರಬೇಕು. ನಿಂತರೆ ಅಥವಾ ಇಳಿದರೆ ಜೊತೆ ಹುಡುಕುವ ಮಾತು ಆಮೇಲೆ, ಮೊದಲು ಪಶುವೈದ್ಯರು. ಅರ್ಧ ದಿನ ಏನೂ ತಿನ್ನದೆ ಇದ್ದರಂತೂ ನಾಳೆ ನೋಡೋಣ ಅನ್ನಬೇಡಿ. ಇವುಗಳ ಹೊಟ್ಟೆ ಖಾಲಿ ಬಿಡುವ ಹಾಗಿಲ್ಲ.

ತಂದ ಜೊತೆ ಗಂಡಾ, ಹೆಣ್ಣಾ?

ಅಂಗಡಿಯವರು ಹೇಳಿದ್ದನ್ನು ನಂಬಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನಿಸುತ್ತೆ.

ಜನವರಿಯಲ್ಲಿ ಗುಂಡನಿಗೆ ಜೊತೆ ತಂದೆವು. "ಪಕ್ಕಾ ಗಂಡು ಸರ್" ಅಂದರು. ಮಗಳು ಭೀಮ ಅಂತ ಹೆಸರಿಟ್ಟಳು. ಗುಂಡ, ಭೀಮ ಎರಡೂ ಮೊದಲ ದಿನದಿಂದಲೇ ಅಂಟಿಕೊಂಡವು. ಒಂದು ಜಗಳ ಇಲ್ಲ, ಒಂದು ಗುರ್ರ್ ಇಲ್ಲ. ನಮ್ಮ ಆಯ್ಕೆಗೆ ನಾವೇ ಬೆನ್ನು ತಟ್ಟಿಕೊಂಡೆವು. ಮಾರ್ಚ್ ಹೊತ್ತಿಗೆ ಭೀಮ ಗುಂಡನಿಗಿಂತ ದಪ್ಪಗಾದ. ಪೇರಲ ಹಣ್ಣು ಜಾಸ್ತಿಯಾಯಿತು ಅಂದುಕೊಂಡು ಕಡಿಮೆ ಮಾಡಿದೆವು.

ನಮ್ಮ ಓಣಿಯಲ್ಲಿ ಟಗರು ಸಾಕುವ ಮಾವ ಒಬ್ಬರಿದ್ದಾರೆ. ಒಂದು ದಿನ ನೀರು ಕೇಳಿಕೊಂಡು ಬಂದವರು ಗೂಡಿನ ಮುಂದೆ ಕೂತರು. ಭೀಮನನ್ನು ಎತ್ತಿ ಅಂಗೈ ಮೇಲೆ ಕೂರಿಸಿಕೊಂಡರು. ಇನ್ನೊಂದು ಕೈಯ ಹೆಬ್ಬೆರಳನ್ನು ಕೆಳಹೊಟ್ಟೆಯ ಹತ್ತಿರ ಮೆಲ್ಲಗೆ ಒತ್ತಿದರು. ಎರಡು ಕ್ಷಣ ಅಷ್ಟೇ.

"ಇದು ಗಂಡಲ್ಲಪ್ಪಾ. ಹೆಣ್ಣೈತೆ."

"ಅಂಗಡಿಯವರು ಗಂಡು ಅಂದ್ರಲ್ಲ ಮಾವ?"

"ಅಂಗಡಿಯವ್ರು ಏನಾರ ಅನ್ಲಿ. ಹೊಟ್ಟೆ ಮುಟ್ಟಿ ನೋಡು, ಒಳಗೆ ಮರಿ ಆಡ್ತಾವೆ."

ಮುಟ್ಟಿ ನೋಡಿದೆ. ಒಳಗಿಂದ ಏನೋ ಒದೆಯಿತು. ಭೀಮ ಅವತ್ತಿನಿಂದ ಭೀಮವ್ವ.

ಮಾವ ನೋಡಿದ್ದು ಇಷ್ಟೇ. ಜನನಾಂಗಕ್ಕೆ ಸ್ವಲ್ಪ ಮೇಲೆ, ಹೊಟ್ಟೆಯ ಕಡೆಗೆ, ಮೆಲ್ಲಗೆ ಒತ್ತಿದರೆ ಗಂಡಿನಲ್ಲಿ ಚರ್ಮದಡಿ ಸಣ್ಣ ಕಡ್ಡಿಯಂಥದ್ದು ಬೆರಳಿಗೆ ಸಿಗುತ್ತೆ, ತುದಿ ಹೊರಗೂ ಬರುತ್ತೆ. ನೋಡಲು ಇಂಗ್ಲಿಷಿನ ಸಣ್ಣ ಐ ಅಕ್ಷರದ ಹಾಗೆ, ಗೆರೆಯ ಮೇಲೊಂದು ಚುಕ್ಕಿ. ಹೆಣ್ಣಿನಲ್ಲಿ ಕಡ್ಡಿ ಸಿಗುವುದಿಲ್ಲ, ವೈ ಅಕ್ಷರದಂಥ ಸೀಳು ಕಾಣುತ್ತೆ. ದೊಡ್ಡ ಗಂಡಿನಲ್ಲಿ ಎರಡೂ ಬದಿ ಬೀಜದ ಉಬ್ಬು ಎದ್ದು ಕಾಣುವುದರಿಂದ ಅನುಮಾನವೇ ಬೇಡ. ಎಡವಟ್ಟಾಗುವುದು ಮರಿಗಳಲ್ಲೇ. ಖಾತ್ರಿ ಆಗದಿದ್ದರೆ ವೈದ್ಯರ ಹತ್ತಿರ ತೋರಿಸಿ, ಅಲ್ಲಿಯವರೆಗೆ ಜೊತೆ ಬಿಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಗಂಡು ಮರಿ ಮೂರು ವಾರಕ್ಕೇ ಹೆಣ್ಣಿಗೆ ಗರ್ಭ ಕಟ್ಟಿಸುವಷ್ಟು ಬಲಿತಿರಬಹುದು. ಗರ್ಭ 59ರಿಂದ 72 ದಿನ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗರ್ಭ ಕಟ್ಟಬಲ್ಲಳು. ಗಂಡನ್ನು ಹೆರಿಗೆಗೆ ಮುಂಚೆಯೇ ಬೇರೆ ಮಾಡಬೇಕು. ಇನ್ನೂ ದೊಡ್ಡ ಅಪಾಯ ಇನ್ನೊಂದಿದೆ. ಆರೇಳು ತಿಂಗಳಾಗುವವರೆಗೂ ಒಮ್ಮೆಯೂ ಹೆರದ ಹೆಣ್ಣಿನ ಸೊಂಟದ ಮೂಳೆ ಗಟ್ಟಿಯಾಗಿಬಿಡುತ್ತೆ. ಆಮೇಲೆ ಗರ್ಭವಾದರೆ ಮರಿ ಹೊರಬರದೆ ತಾಯಿಯೇ ಸಾಯಬಹುದು. ಭೀಮವ್ವ ಚಿಕ್ಕವಳಿದ್ದಳು, ನಮ್ಮ ಪುಣ್ಯ. ಮಾವ ಹೇಳಿದ ದಿನವೇ ಗುಂಡನನ್ನು ಬೇರೆ ಇಟ್ಟೆವು. ಎರಡು ವಾರಕ್ಕೆ ಮೂರು ಮರಿ ಹಾಕಿದಳು. ಕಣ್ಣು ಬಿಟ್ಟುಕೊಂಡು, ಮೈತುಂಬ ಕೂದಲು ಇಟ್ಟುಕೊಂಡೇ ಹುಟ್ಟುತ್ತವೆ, ಅವತ್ತೇ ಓಡಾಡುತ್ತವೆ. ಎರಡು ಹೆಣ್ಣು, ಒಂದು ಗಂಡು. ಈ ಸಲ ಲೆಕ್ಕ ಹಾಕಿದ್ದು ಮಾವನೇ.

ಹಾಗಾಗಿ ನನ್ನ ಮೊದಲ ಸೂತ್ರ ಸ್ವಲ್ಪ ವಿಚಿತ್ರ: ಎರಡು 'ಗಂಡು' ಮೊದಲ ದಿನದಿಂದ ಒಂದು ಚೂರೂ ತಕರಾರಿಲ್ಲದೆ ಇದ್ದರೆ ಖುಷಿಪಡುವ ಮೊದಲು ತಿರುಗಿಸಿ ನೋಡಿ.

ಯಾವ ಜೊತೆ ಹೊಂದುತ್ತೆ?

ಹರೆಯದ ಗಂಡಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ತೀರಾ ಎಳೆಯ ಗಂಡು ಮರಿ. ದೊಡ್ಡದು ಯಜಮಾನ, ಚಿಕ್ಕದು ಶಿಷ್ಯ ಅಂತ ಅವತ್ತೇ ತೀರ್ಮಾನವಾಗಿಬಿಡುತ್ತೆ. ತಂದೆ-ಮಗ, ಅಣ್ಣ-ತಮ್ಮ ಕೂಡ ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಕಷ್ಟವಾಗುವುದು ಸುಮಾರು ಒಂದೇ ವಯಸ್ಸಿನ, ಪರಿಚಯವೇ ಇಲ್ಲದ ಎರಡು ಹರೆಯದ ಗಂಡುಗಳನ್ನು ಕೂಡಿಸುವುದು. ಆಗುವುದೇ ಇಲ್ಲ ಅಂತಲ್ಲ, ಬೆವರು ಇಳಿಸುತ್ತವೆ. ಮೂರು ಗಂಡು ಮಾತ್ರ ಬೇಡ. ಎರಡು ಸೇರಿ ಒಂದನ್ನು ಗೋಳು ಹೊಯ್ದುಕೊಳ್ಳುತ್ತವೆ.

ಹೆಣ್ಣೇ ಬೇಕು ಅಂದರೆ ಗಂಡಿಗೆ ಬೀಜ ತೆಗೆಸಿ ಕೂಡಿಸಬಹುದು, ಅದು ತುಂಬ ಶಾಂತವಾದ ಜೋಡಿ. ಆದರೆ ಆಪರೇಷನ್ ಆದ ಮೇಲೂ ಆರು ವಾರದವರೆಗೆ ಹೆಣ್ಣಿಗೆ ಗರ್ಭ ಕಟ್ಟಿಸುವ ಶಕ್ತಿ ಉಳಿದಿರಬಹುದು, ಅಷ್ಟು ದಿನ ಕಾಯಬೇಕು. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿಗಳದ್ದೇ ಸಾಲು. ಗಿನಿಪಿಗ್‌ಗೆ ಅರಿವಳಿಕೆ ಕೊಟ್ಟು ಅನುಭವ ಇರುವವರನ್ನು ಬೆಂಗಳೂರು ಅಥವಾ ಹೈದರಾಬಾದ್ ಕಡೆ ಹುಡುಕಬೇಕಾದೀತು. ಅನುಭವ ಇಲ್ಲದ ಕಡೆ ಈ ಸಾಹಸ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮೊಲದ ಜೊತೆ ಬಿಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಅಂಗಡಿಗಳಲ್ಲಿ ಒಂದೇ ಗೂಡಿನಲ್ಲಿ ಇಟ್ಟಿರುತ್ತಾರಲ್ಲ, ಅದಕ್ಕೆ. ಬಿಡಬೇಡಿ. ಮೊಲದ ಹಿಂಗಾಲಿನ ಒಂದು ಒದೆತಕ್ಕೆ ಗಿನಿಪಿಗ್‌ನ ಮೂಳೆ ಮುರಿಯಬಹುದು. ಮೊಲದ ಮೂಗಿನಲ್ಲಿ ಏನೂ ಮಾಡದೆ ಕೂತಿರುವ ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತೆ. ಇದೇ ಕಾರಣಕ್ಕೆ ಅಂಗಡಿಯಿಂದ ತಂದ ಹೊಸ ಗಿನಿಪಿಗ್ಗನ್ನೂ ಎರಡು-ಮೂರು ವಾರ ಬೇರೆ ಕೋಣೆಯಲ್ಲಿಡಿ. ಸೀನು, ಕೂದಲು ಉದುರುವುದು, ವಿಪರೀತ ಕೆರೆತ ಇದೆಯಾ ನೋಡಿ.

ಗಲಾಟೆಯಾ, ನಿಜವಾದ ಜಗಳವಾ?

ಪರಿಚಯ ಮಾಡಿಸುವ ಜಾಗ ಎರಡಕ್ಕೂ ಹೊಸದಾಗಿರಬೇಕು. ನಾವು ಹಾಲ್‌ನ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ನಡುವೆ ಗರಿಕೆ ಹುಲ್ಲಿನ ರಾಶಿ ಹಾಕಿದೆವು. ಮನೆ, ಡಬ್ಬ ಏನೂ ಇಡಬೇಡಿ, ಜಾಗದ ಜಗಳ ಹುಟ್ಟುತ್ತೆ. ಎರಡು-ಮೂರು ಗಂಟೆ ಪುರಸೊತ್ತು ಇಟ್ಟುಕೊಳ್ಳಿ. ಪದೇ ಪದೇ ಎತ್ತಿ ಬೇರೆ ಮಾಡಿದರೆ ಪ್ರತಿ ಸಲವೂ ಮೊದಲಿನಿಂದ ಶುರು.

ಸೊಂಟ ಅಲ್ಲಾಡಿಸಿಕೊಂಡು ಗುರ್ರ್ ಅನ್ನುತ್ತ ಸುತ್ತು ಹಾಕುವುದು, ಹಿಂದಿನಿಂದ ಮೂಸುವುದು, ಮೇಲೆ ಏರುವುದು, ಅಟ್ಟಿಸಿಕೊಂಡು ಹೋಗುವುದು, ಗದ್ದ ಎತ್ತಿ ನಿಲ್ಲುವುದು, ಚಿಕ್ಕದು ಕೀ ಅಂತ ಕಿರುಚುವುದು. ಇದೆಲ್ಲ ಮಾಮೂಲಿ. ಯಾರು ದೊಡ್ಡವರು ಅಂತ ಮಾತುಕತೆ ನಡೆಯುತ್ತಿದೆ ಅಷ್ಟೇ. ನಮಗೆ ನೋಡಲು ಮುಜುಗರ, ಅವಕ್ಕೆ ಏನಿಲ್ಲ.

ಹಲ್ಲು ಕಟಕಟ ಅನ್ನಿಸುವುದು ಶುರುವಾದರೆ ಹತ್ತಿರ ಕೂರಿ. ಕತ್ತಿನ ಕೂದಲು ನಿಗುರಿಸಿಕೊಂಡು ಮುಖಕ್ಕೆ ಮುಖ ಕೊಟ್ಟು ನಿಂತರೆ, ಆಕಳಿಸಿದಂತೆ ಬಾಯಿ ತೆರೆದು ಹಲ್ಲು ತೋರಿಸಿದರೆ ಟವೆಲ್ ಕೈಗೆ ತಗೊಳ್ಳಿ. ಎರಡೂ ಎಗರಿ, ಒಂದನ್ನೊಂದು ಕಚ್ಚಿಕೊಂಡು ಚೆಂಡಿನ ಹಾಗೆ ಉರುಳಿದರೆ, ಅಥವಾ ರಕ್ತ ಬಂದರೆ, ಅಲ್ಲಿಗೆ ಮಾತುಕತೆ ಮುಗಿಯಿತು. ಬೇರೆ ಮಾಡಿ. ಬರಿಗೈ ಹಾಕಬೇಡಿ, ಆ ಹಲ್ಲು ಬೆರಳಿನ ಮೂಳೆವರೆಗೂ ಇಳಿಯುತ್ತೆ. ನಮ್ಮ ಮನೆಯಲ್ಲಿ ಅಕ್ಕಿ ಕೇರುವ ಹಳೆಯ ಮೊರ ಪಕ್ಕದಲ್ಲೇ ಇಟ್ಟಿದ್ದೆವು, ನಡುವೆ ತೂರಿಸಲು ಅದರಂಥದ್ದು ಬೇರೆ ಇಲ್ಲ.

ಕಚ್ಚಿದ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಕೀವು ಕಟ್ಟುತ್ತೆ, ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಪುಡಿ ಮಾಡಿ ಕುಡಿಸಬೇಡಿ. ಪೆನಿಸಿಲಿನ್ ಜಾತಿಯ ಔಷಧ ಬಾಯಿಂದ ಹೋದರೆ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಿಯೇ ಹೋಗಿಬಿಡಬಹುದು. ಇವು ಅಪರೂಪಕ್ಕೆ ಬರುವ ಪೇಷಂಟುಗಳಾದ್ದರಿಂದ ಯಾರೇ ಚೀಟಿ ಬರೆದರೂ 'ಇದು ಪೆನಿಸಿಲಿನ್ ಜಾತಿಯದ್ದಾ?' ಅಂತ ಒಂದು ಮಾತು ಕೇಳಿ.

ಚೆನ್ನಾಗಿದ್ದ ಜೋಡಿ ಇದ್ದಕ್ಕಿದ್ದಂತೆ ಕೆಟ್ಟರೆ

ಗಂಡು ಮರಿಗೆ ಕಡ್ಲೆ ಅಂತ ಹೆಸರಿಟ್ಟೆವು. ಮೂರು ವಾರ ತುಂಬಿದ ದಿನವೇ ತಾಯಿ, ಅಕ್ಕತಂಗಿಯರಿಂದ ಬಿಡಿಸಿ ಗುಂಡನ ಜೊತೆ ಬಿಟ್ಟೆವು. ಗುಂಡ ಎರಡು ಸುತ್ತು ಹಾಕಿದ, ಮೂಸಿದ, ಹುಲ್ಲು ತಿನ್ನಲು ಹೋದ. ಕಡ್ಲೆ ಅವನ ಹೊಟ್ಟೆ ಕೆಳಗೆ ನುಗ್ಗಿ ಮಲಗಿದ. ಮೂರೂವರೆ ತಿಂಗಳು ಹೀಗೇ ನಡೆಯಿತು.

ಆಗಸ್ಟ್‌ನಲ್ಲಿ ಶುರುವಾಯಿತು ನೋಡಿ. ಸಂಜೆ ಆದರೆ ಕಟಕಟ. ಬೆಳಗ್ಗೆ ಗೂಡಿನಲ್ಲಿ ಕೂದಲಿನ ಉಂಡೆ. ರಕ್ತ ಇರಲಿಲ್ಲ. ಕಡ್ಲೆಗೆ ನಾಲ್ಕೂವರೆ ತಿಂಗಳು. ನಾಲ್ಕರಿಂದ ಹದಿನಾಲ್ಕು ತಿಂಗಳವರೆಗಿನದು ಗಂಡು ಗಿನಿಪಿಗ್‌ಗಳ ಹುಡುಗುಬುದ್ಧಿಯ ಕಾಲ, ಹಾರ್ಮೋನು ತಲೆಗೇರಿರುತ್ತೆ. ಹೆಚ್ಚಿನ ಜೋಡಿಗಳು ಮುರಿಯುವುದು ಆಗಲೇ. ವಯಸ್ಸನ್ನು ನಾವು ಬದಲಾಯಿಸಲಾಗದು, ಉಳಿದದ್ದನ್ನು ಬದಲಾಯಿಸಬಹುದು.

ಮೊದಲು ಎರಡನ್ನೂ ತೂಗಿದೆ. ಸರಿಯಾಗಿತ್ತು. ಮೈ, ಪಾದ, ಹಲ್ಲು ನೋಡಿದೆ. ನೋವಿರುವ ಪ್ರಾಣಿ ಮುಟ್ಟಿದರೆ ಹರಿಹಾಯುತ್ತೆ. ಚರ್ಮದ ಹುಳು, ಮೂತ್ರದ ಕಲ್ಲು, ಸಿ ವಿಟಮಿನ್ ಕೊರತೆ ಎಲ್ಲವೂ 'ಜಗಳ'ದ ವೇಷದಲ್ಲಿ ಬರಬಹುದು. ನಮ್ಮ ಹಾಗೆ ಇವಕ್ಕೂ ಸಿ ವಿಟಮಿನ್ ತಾವೇ ತಯಾರಿಸಿಕೊಳ್ಳಲು ಬರುವುದಿಲ್ಲ, ದಿನಾ ಹೊಟ್ಟೆಗೆ ಹೋಗಬೇಕು. ಒಂದು ತುಂಡು ದಪ್ಪ ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಆಗೀಗ ಪೇರಲ ಇದ್ದರೆ ಆಯಿತು. ದಪ್ಪ ಮೆಣಸಿನಕಾಯಿ ಅಂದೆ, ನಮ್ಮ ಕಡೆಯ ಖಾರದ ಮೆಣಸಿನಕಾಯಿ ಅಲ್ಲ.

ಆಮೇಲೆ ಒಂದು ಸಂಜೆ ಗೂಡಿನ ಮುಂದೆ ಸುಮ್ನೆ ಕೂತು ನೋಡಿದೆ. ಒಳಗೆ ಒಂದು ರಟ್ಟಿನ ಡಬ್ಬ, ಅದಕ್ಕೆ ಒಂದೇ ಬಾಗಿಲು. ಕಡ್ಲೆ ಒಳಗೆ ಹೋದ. ಗುಂಡ ಬಂದು ಬಾಗಿಲಿಗೆ ಅಡ್ಡ ಕೂತ. ಒಳಗಿದ್ದವನಿಗೆ ಹೊರಗೆ ಬರಲು ದಾರಿ ಇಲ್ಲ. ಕಟಕಟ, ಆಮೇಲೆ ಮುನ್ನುಗ್ಗುವುದು, ಕೂದಲು. ತಪ್ಪು ಡಬ್ಬದ್ದು.

ಗಲ್ಲಿಗಲ್ಲಿಗೆ ಜೀನ್ಸ್ ಹೊಲಿಯುವ ಊರು ನಮ್ಮದು. ಹಳೆಯ ಪ್ಯಾಂಟಿನ ಎರಡು ಕಾಲು ಕತ್ತರಿಸಿದೆ, ಒಂದೊಂದೂ ಒಂದಡಿ ಉದ್ದ. ಎರಡು ಕಡೆಯೂ ಬಾಯಿ ತೆರೆದ ಸುರಂಗ ರೆಡಿ. ಬಾಯಿ ಮುಚ್ಚಿಕೊಳ್ಳದಂತೆ ಒಳಗೆ ದಪ್ಪ ರಟ್ಟು ಸುತ್ತಿಟ್ಟೆ. ಅಂಚು ಮಡಿಸಿ ಹೊಲಿಸಲು ಮರೆಯಬೇಡಿ, ಬಿಟ್ಟುಹೋದ ದಾರ ಅವುಗಳ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ನಿಲ್ಲಿಸಿಬಿಡುತ್ತೆ. ಗೂಡಿನಲ್ಲಿ ಎಲ್ಲವೂ ಎರಡೆರಡು ಇರಲಿ: ಎರಡು ಮನೆ, ಎರಡು ನೀರಿನ ಬಾಟಲಿ, ದೂರ ದೂರ ಎರಡು ಹುಲ್ಲಿನ ಗುಡ್ಡೆ. ಜಾಗ ಎರಡು ಗಂಡಿಗೆ ಐದಡಿ ಉದ್ದ, ಎರಡಡಿ ಅಗಲ ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಗೂಡು ಇದರ ಅರ್ಧವೂ ಇರುವುದಿಲ್ಲ. ಮೆಶ್ ತಂದು ಮನೆಯಲ್ಲೇ ಕಟ್ಟುವುದು ಅಗ್ಗ. ಮೇಲೆ ಮುಚ್ಚಳ ಹಾಕಿ, ಬೆಕ್ಕು ಮತ್ತು ಹೆಗ್ಗಣ ಎರಡೂ ನಮ್ಮೂರಲ್ಲಿ ಧಾರಾಳ.

ಸುರಂಗ ಇಟ್ಟ ಮೇಲೆ ಕೂದಲಿನ ಉಂಡೆ ನಿಂತಿತು. ಕಟಕಟ ನಿಲ್ಲಲಿಲ್ಲ.

ಐದು ದಿನ ಬಿಟ್ಟು ಎರಡನೆಯ ಬದಲಾವಣೆ. ಭೀಮವ್ವ ಮತ್ತು ಹೆಣ್ಣುಮಕ್ಕಳ ಗೂಡು ಅದೇ ಹಾಲ್‌ನಲ್ಲಿ ಆರಡಿ ದೂರದಲ್ಲಿತ್ತು. ಹೆಣ್ಣಿನ ವಾಸನೆ ಬಂದರೆ ಗಂಡುಗಳು ಪೈಪೋಟಿಗೆ ಇಳಿಯುತ್ತವೆ, ಗೊತ್ತಿದ್ದೂ ಜಾಗ ಇಲ್ಲ ಅಂತ ಇಟ್ಟಿದ್ದೆವು. ಹಿಂದಿನ ಕೋಣೆಗೆ ಸಾಗಿಸಿದೆವು. ಹಗಲು ಪೂರ್ತಿ ಶಾಂತ. ಆದರೂ ಸಂಜೆ ಐದೂವರೆ ಸುಮಾರಿಗೆ ಮಾತ್ರ ಗಡಿಯಾರ ಇಟ್ಟಂತೆ ಕಟಕಟ!

ಇದನ್ನು ಕಂಡುಹಿಡಿದದ್ದು ಮಗಳೇ. ಶಾಲೆಯಿಂದ ಬಂದವಳು ಮೊದಲು ಹಿಂದಿನ ಕೋಣೆಗೆ ಹೋಗುತ್ತಾಳೆ, ಭೀಮವ್ವನನ್ನು ತೊಡೆ ಮೇಲೆ ಇಟ್ಟುಕೊಂಡು ಮುದ್ದಾಡುತ್ತಾಳೆ. ಅದೇ ಕೈಯಲ್ಲಿ ಬಂದು ಗುಂಡ, ಕಡ್ಲೆಗೆ ಸೊಪ್ಪು ಹಾಕುತ್ತಾಳೆ. "ಅಪ್ಪಾ, ವಾಸನೆ ನನ್ನ ಕೈಯಲ್ಲೇ ಹೋಗ್ತಿದೆಯಲ್ಲ!" ಅಂದಳು. ಮರುದಿನದಿಂದ ಕ್ರಮ ತಿರುವುಮುರುವು ಮಾಡಿದೆವು. ಮೊದಲು ಗಂಡುಗಳಿಗೆ ಸೊಪ್ಪು, ಆಮೇಲೆ ಭೀಮವ್ವ, ಆಮೇಲೆ ಸೋಪು ಹಚ್ಚಿ ಕೈ ತೊಳೆಯುವುದು. ಒಂದು ವಾರದಲ್ಲಿ ಸಂಜೆಯ ಕಟಕಟವೂ ಇಳಿಯಿತು.

ಬೇಸಿಗೆಯಲ್ಲಿ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತಾರೆ. ಗಿನಿಪಿಗ್‌ಗೆ ಇದು ತಮಾಷೆ ಅಲ್ಲ. 18ರಿಂದ 24 ಡಿಗ್ರಿ ಅವಕ್ಕೆ ಹಿತ, 28 ದಾಟಿದರೆ ಒದ್ದಾಟ. ನಮ್ಮಲ್ಲಿ ಏಪ್ರಿಲ್, ಮೇ ಅಂದರೆ 40ರ ಮೇಲೆ. ಬಿಸಿಲಿಗೆ ಕಂಗೆಟ್ಟ ಪ್ರಾಣಿ ಕಾಲು ಚಾಚಿ ಸುಮ್ಮನೆ ಬಿದ್ದಿರುತ್ತೆ, ಅದನ್ನು 'ಹೊಂದಿಕೊಂಡವು' ಅಂತ ಓದಿಕೊಳ್ಳಬೇಡಿ. ಹೊಸ ಜೊತೆ ಕೂಡಿಸುವುದನ್ನು ಆದಷ್ಟು ನವೆಂಬರ್‌ನಿಂದ ಫೆಬ್ರವರಿಯ ನಡುವೆ ಇಟ್ಟುಕೊಳ್ಳಿ. ಕಡ್ಲೆಗೆ ಮೂರು ವಾರ ತುಂಬಿದ್ದು ಏಪ್ರಿಲ್‌ನಲ್ಲಿ, ಮುಂದೂಡುವ ಹಾಗಿರಲಿಲ್ಲ. ಹಾಗಾಗಿ ಬೆಳಗ್ಗೆ ಐದೂವರೆಗೆ ಎದ್ದು ಪರಿಚಯ ಮಾಡಿಸಿದೆವು. ಗೂಡಿನಲ್ಲಿ ಶಹಾಬಾದ್ ಕಲ್ಲಿನ ಎರಡು ತುಂಡು ಹಾಸಿದರೆ ಹೊಟ್ಟೆ ಒತ್ತಿ ಮಲಗುತ್ತವೆ. ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಕಾಲುಚೀಲದಲ್ಲಿ ಹಾಕಿ ಇಡಬಹುದು. ಅದೂ ಎರಡು. ಒಂದೇ ಇಟ್ಟ ದಿನ ಕರೆಂಟ್ ಹೋಗಿತ್ತು, ಗುಂಡ ಬಾಟಲಿಯನ್ನು ತಬ್ಬಿಕೊಂಡು ಮಗನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಏನು ಮಾಡಿದರೂ ಆಗದಿದ್ದರೆ

ರಕ್ತ ಬರುವ ಜಗಳ ಆದ ಮೇಲೆ ಅದೇ ಜೋಡಿಯನ್ನು ಮತ್ತೆ ಮತ್ತೆ ಕೂಡಿಸಲು ಹೋಗಬೇಡಿ. ಗೂಡಿನ ನಡುವೆ ಮೆಶ್ ಹಾಕಿ ಎರಡು ಭಾಗ ಮಾಡಿ. ಒಂದನ್ನೊಂದು ನೋಡುತ್ತ, ಮೂಸುತ್ತ, ಮಾತಾಡಿಕೊಂಡು ಅಕ್ಕಪಕ್ಕ ಬದುಕುತ್ತವೆ. ಬಾಡಿಗೆ ಮನೆಯ ನೆರೆಹೊರೆಯವರ ಹಾಗೆ. ಮೆಶ್‌ನ ಕಿಂಡಿ ಮೂತಿ ತೂರದಷ್ಟು ಸಣ್ಣದಿರಲಿ.

ನಮ್ಮಲ್ಲಿ ಮೆಶ್ ತಂದಿಟ್ಟಿದ್ದೆವು, ಇನ್ನೂ ಅಟ್ಟದ ಮೇಲಿದೆ. ಗುಂಡ, ಕಡ್ಲೆ ಈಗ ಒಂದೇ ಜೀನ್ಸ್ ಕಾಲಿನೊಳಗೆ ಮಲಗುತ್ತವೆ, ಇನ್ನೊಂದು ಕಾಲು ಖಾಲಿ ಬಿದ್ದಿರುತ್ತೆ. ಅದನ್ನು ತೆಗೆದು ನೋಡಿದೆ. ಅವತ್ತು ರಾತ್ರಿಯೇ ಕಟಕಟ. ಮತ್ತೆ ಇಟ್ಟೆ.